ಕೊಡಗಿನಲ್ಲಿ ಮರದ ಪ್ಲಾಟ್ ಹಾಕುವುದು: ಹತ್ತು ವರ್ಷ ಬಿಟ್ಟು ಬರುವವರಿಗೂ ಸಿಗುವ ಹಾಗೆ

“ಹಲಸಿನ ಮರದಿಂದ ಪೂರ್ವಕ್ಕೆ 40 ಹೆಜ್ಜೆ.”

ಹಳೆಯ ಫೀಲ್ಡ್ ಬುಕ್ಕಿನಲ್ಲಿ ಬರೆದಿದ್ದು ಇಷ್ಟೇ. ದಕ್ಷಿಣ ಕೊಡಗಿನ ಒಂದು ಕಾಡಿನಲ್ಲಿ ನನಗಿಂತ ಎಂಟು ವರ್ಷ ಮೊದಲು ಯಾರೋ ಪ್ಲಾಟ್, ಅಂದರೆ ಒಳಗಿನ ಮರಗಳನ್ನೆಲ್ಲ ಅಳೆಯಲು ಗುರುತು ಮಾಡಿದ ಚೌಕದ ಜಾಗ, ಹಾಕಿ ಹೋಗಿದ್ದರು. ಅದನ್ನು ಹುಡುಕಿ, ಅದೇ ಮರಗಳನ್ನು ಮತ್ತೆ ಅಳೆದು ತರುವುದು ನನ್ನ ಪಾಲಿಗೆ ಬಂದ ಕೆಲಸ. ಹೋಗಿ ನೋಡಿದರೆ ಹಲಸಿನ ಮರವೇ ಇಲ್ಲ. ಗಾಳಿಗೆ ಬಿತ್ತೋ, ಯಾರಾದರೂ ಕಡಿದರೋ, ಬುಡ ಕೂಡ ಸಿಗಲಿಲ್ಲ. ಅದಿರಲಿ, 40 ಹೆಜ್ಜೆ ಅಂದರೆ ಯಾರ ಹೆಜ್ಜೆ? ಎರಡು ದಿನ ಜಿಗಣೆಗೆ ರಕ್ತ ಕೊಟ್ಟು ಅಲೆದ ಮೇಲೆ ಮೂರನೇ ದಿನ ಒಂದು ನಂದಿ ಮರದಲ್ಲಿ ಅಲ್ಯೂಮಿನಿಯಂ ಬಿಲ್ಲೆ ಸಿಕ್ಕಿತು, ಅದೂ ಅರ್ಧ ತೊಗಟೆಯೊಳಗೆ ಮುಳುಗಿತ್ತು. ಅಲ್ಲಿಂದ ಉಳಿದ ಮರಗಳನ್ನು ಒಂದೊಂದಾಗಿ ಹಿಡಿದೆವು.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಕ್ಕೋ ಇಲ್ಲಿನ ಬೇರೆ ಯಾವುದಾದರೂ ಸಂಶೋಧನಾ ಕೇಂದ್ರಕ್ಕೋ ಪ್ರಾಜೆಕ್ಟ್ ಅಂತ ಬರುವ ಹುಡುಗ ಹುಡುಗಿಯರಿಗೆ, ಮತ್ತೆ ತಮ್ಮ ತೋಟದ ಮರಗಳ ಲೆಕ್ಕ ತಾವೇ ಇಡಬೇಕು ಅನ್ನುವ ಬೆಳೆಗಾರರಿಗೆ ಇದನ್ನು ಬರೆಯುತ್ತಿದ್ದೇನೆ. ಮರ ಅಳೆಯುವುದರಲ್ಲಿ ಏನಿದೆ ಮಹಾ, ಟೇಪು ಸುತ್ತಿದರೆ ಆಯ್ತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಅಳೆಯುವುದು ಸುಲಭವೇ. ಅದೇ ಮರವನ್ನು, ಅದೇ ಜಾಗದಲ್ಲಿ, ಇನ್ನೊಬ್ಬರು, ಇನ್ನೊಂದು ವರ್ಷ ಅಳೆಯುವ ಹಾಗೆ ಬಿಟ್ಟು ಬರುವುದು ಕಷ್ಟ. ಕೆಳಗಿನದೆಲ್ಲ ಅದರ ಬಗ್ಗೆಯೇ.

1. ಮೊದಲು ಪ್ರಶ್ನೆ, ಆಮೇಲೆ ಟೇಪು

“ಜೀವವೈವಿಧ್ಯ ಅಧ್ಯಯನ” ಅಂತ ಬರೆದುಕೊಂಡು ಬರಬೇಡಿ. ಅದು ಪ್ರಶ್ನೆ ಅಲ್ಲ. ದೇವರಕಾಡಿನಲ್ಲಿ ದೊಡ್ಡ ಮರಗಳೇನೋ ಇವೆ, ಅವುಗಳ ಸಸಿ ಏಳುತ್ತಿದೆಯಾ ಇಲ್ವಾ, ಇದು ಪ್ರಶ್ನೆ. ಕಾಡುಮರದ ನೆರಳಿನ ತೋಟ ಸಿಲ್ವರ್ ಓಕ್ ತೋಟವಾಗುತ್ತಿದ್ದರೆ ಮರಗಳ ಒಟ್ಟು ಗಾತ್ರದಲ್ಲಿ ಏನು ವ್ಯತ್ಯಾಸ ಬಂತು, ಇದೂ ಪ್ರಶ್ನೆ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳ ಪಟ್ಟಿ ಇದೆ. ಒಂದೊಂದು ಅರ್ಧ ಎಕರೆಯೂ ಇಲ್ಲ, ಇನ್ನು ಕೆಲವು ಹತ್ತಾರು ಎಕರೆ. ಎಲ್ಲವನ್ನೂ ನೋಡುತ್ತೇನೆ ಅಂದರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ.

ಪ್ಲಾಟ್ ಎಷ್ಟು ದೊಡ್ಡದಿರಬೇಕು ಅನ್ನುವುದು ಪ್ರಶ್ನೆಯ ಮೇಲೆ ಹೋಗುತ್ತದೆ. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಹಾಕಿದ್ದು 50 ಹೆಕ್ಟೇರಿನ ಒಂದೇ ಪ್ಲಾಟ್, ಅಲ್ಲಿ 1 ಸೆಂಟಿಮೀಟರ್ ದಪ್ಪದ ಕಾಂಡಕ್ಕೂ ನಂಬರ್ ಇದೆ. ನಮ್ಮ ಪುಷ್ಪಗಿರಿ ಕಡೆಯ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1990ರ ಸುಮಾರಿಗೆ ಶುರು ಮಾಡಿದ ಪ್ಲಾಟುಗಳೂ ಇಂಥ ದೀರ್ಘಕಾಲದ ಲೆಕ್ಕಕ್ಕೇ ಹಾಕಿದ್ದು. ಒಂದು ಕಾಡಿನೊಳಗೆ ಮರ ಹುಟ್ಟುವುದು, ಬೆಳೆಯುವುದು, ಸಾಯುವುದನ್ನು ನೋಡಲು ದೊಡ್ಡ ಪ್ಲಾಟೇ ಬೇಕು. ಆದರೆ ಆರು ತಿಂಗಳ ಪ್ರಾಜೆಕ್ಟಿಗೆ ಬಂದವರು, ಜಾಗದಿಂದ ಜಾಗಕ್ಕೆ ಹೋಲಿಸಬೇಕಾದವರು, 20 ಮೀಟರ್ ಉದ್ದ 20 ಮೀಟರ್ ಅಗಲದ ಸಣ್ಣ ಪ್ಲಾಟುಗಳನ್ನು ಹತ್ತು ಹದಿನೈದು ಕಡೆ ಹಾಕುವುದು ಒಳ್ಳೆಯದು. ನನ್ನನ್ನು ಕೇಳಿದರೆ ಹದಿನೈದು ಪ್ಲಾಟ್ ಅರ್ಧಂಬರ್ಧ ಮಾಡುವುದಕ್ಕಿಂತ ಹತ್ತನ್ನು ನೆಟ್ಟಗೆ ಮಾಡಿ.

2. ಯಾರನ್ನು ಕೇಳಬೇಕು

ಇದಕ್ಕೆ ಎರಡು ತಿಂಗಳಾದರೂ ಇಟ್ಟುಕೊಳ್ಳಿ. ಮೀಸಲು ಅರಣ್ಯ ಆದರೆ ಮಡಿಕೇರಿ ಅಥವಾ ವಿರಾಜಪೇಟೆ ವಿಭಾಗದ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮ ಅಥವಾ ನಾಗರಹೊಳೆ ಆದರೆ ಬೆಂಗಳೂರಿನಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರವರೆಗೂ ಕಾಗದ ಹೋಗಬೇಕು. ಅರ್ಜಿಯಲ್ಲಿ “ಎಲೆ, ಹೂ, ಮಣ್ಣಿನ ಮಾದರಿ ತೆಗೆಯುತ್ತೇವೆ, ಮರಕ್ಕೆ ನಂಬರ್ ಬಿಲ್ಲೆ ಹೊಡೆಯುತ್ತೇವೆ” ಅಂತ ಬಿಡಿಸಿ ಬರೆಯಿರಿ. ಸುಮ್ನೆ “ಅಧ್ಯಯನ” ಅಂತ ಬರೆದರೆ ಗೇಟಿನಲ್ಲಿ ಗಾರ್ಡ್ ನಿಮ್ಮ ಸುತ್ತಿಗೆ ನೋಡಿ ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅನುಮತಿ ಪತ್ರದ ಜೆರಾಕ್ಸ್ ಎರಡು ಯಾವಾಗಲೂ ಚೀಲದಲ್ಲಿರಲಿ.

ದೇವರಕಾಡಿಗೆ ಕಾಗದ ಸಾಲದು. ಬಹುಪಾಲು ದೇವರಕಾಡು ಅರಣ್ಯ ಇಲಾಖೆಯ ಕೈಯಲ್ಲಿದ್ದರೂ ದೇವರು ಊರಿನದು. ತಕ್ಕರನ್ನು (ಊರಿನ, ದೇವಸ್ಥಾನದ ಮುಖ್ಯಸ್ಥರು), ದೇವಸ್ಥಾನದ ಕಮಿಟಿಯವರನ್ನು ಹೋಗಿ ನೋಡಿ, ಫೋನ್ ಮಾಡಿ ಮುಗಿಸಬೇಡಿ. ಯಾವ ಜಾಗಕ್ಕೆ ಹೋಗಬಾರದು, ಚಪ್ಪಲಿ ಎಲ್ಲಿ ಬಿಡಬೇಕು, ಹಬ್ಬದ ಕಟ್ಟು (ಹಬ್ಬಕ್ಕೆ ಮುಂಚಿನ ನಿಷೇಧದ ದಿನಗಳು) ಯಾವಾಗ ಬೀಳುತ್ತದೆ, ಯಾರು ಒಳಗೆ ಹೋಗಬಹುದು, ಎಲ್ಲ ಮೊದಲೇ ಕೇಳಿಕೊಳ್ಳಿ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಪ್ಲಾಟಿನ ಮೂಲೆ ಸರಿಯಾಗಿ ಅಲ್ಲೇ ಬಿತ್ತು ಅಂತ ಅವನ್ನು ಸರಿಸಲು ಹೋಗಬೇಡಿ. ಮೊಳೆ ಹೊಡೆಯುವುದು ಬೇಡ ಅಂದರೆ ಬೇಡ. ಬಣ್ಣ ಹಚ್ಚಬಹುದಾ ಅಂತ ಕೇಳಿ. ಅದೂ ಬೇಡ ಅಂದರೆ ಪ್ರತಿ ಮರವೂ ಮೂಲೆಯಿಂದ ಎಷ್ಟು ದೂರ ಅಂತ ನಕ್ಷೆ ಬರೆದುಕೊಳ್ಳಬೇಕು, ಕೆಲಸ ಎರಡರಷ್ಟಾಗುತ್ತದೆ, ಏನು ಮಾಡೋದು.

ತೋಟದಲ್ಲಿ ಬೇರೆ ತರದ ತೊಂದರೆ. ಟೇಪು, ಬಣ್ಣದ ಡಬ್ಬಿ, ನಂಬರ್ ಬಿಲ್ಲೆ ಹಿಡಿದುಕೊಂಡು ಮೂರು ಜನ ಮರಗಳನ್ನು ಎಣಿಸುತ್ತಿದ್ದರೆ ಕೊಡಗಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಮರ ಕಡಿಯುವ ಮಾರ್ಕಿಂಗ್, ಇಲ್ಲವೇ ಸರ್ಕಾರದ ಲೆಕ್ಕ. ರಿಡೀಮ್ಡ್, ಅನ್‌ರಿಡೀಮ್ಡ್ ಅಂತ ಇಲ್ಲಿ ಜಮೀನಿನ ಹಳೆಯ ವ್ಯಾಜ್ಯ ಇದೆ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು ರಿಡೀಮ್ಡ್, ಕಟ್ಟದೆ ಉಳಿದದ್ದು ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಜಮೀನಿನಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು, ನೆರಳಿಗೆ ಸಾಕಿದವರು ಮಾತ್ರ ಬೆಳೆಗಾರರು. ಹಾಗಾಗಿ “ಬೀಟೆ ಎಷ್ಟಿದೆ ಸಾರ್?” ಅಂತ ಗೇಟಿನಲ್ಲೇ ಕೇಳಿದರೆ ಕಾಫಿ ಕೊಟ್ಟು ಕಳುಹಿಸುತ್ತಾರೆ, ಒಳಗೆ ಬಿಡುವುದಿಲ್ಲ. ಯಾಕೆ ಅಳೆಯುತ್ತೀರಿ, ಯಾರಿಗೆ ಕೊಡುತ್ತೀರಿ, ತೋಟದ ಹೆಸರು ವರದಿಯಲ್ಲಿ ಬರುತ್ತದಾ ಇಲ್ವಾ ಅಂತ ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಮಾಲೀಕರು ಒಪ್ಪಿದ ಮೇಲೂ ರೈಟರಿಗೆ (ತೋಟದ ಗುಮಾಸ್ತರು), ಮೇಸ್ತ್ರಿಗೆ ವಿಷಯ ಗೊತ್ತಿರಲಿ. ತೋಟದಲ್ಲಿ ನಿಮ್ಮ ಕೆಲಸ ನಡೆಯುವುದು ಅವರಿಂದ.

3. ಯಾವ ತಿಂಗಳು

ಡಿಸೆಂಬರಿನಿಂದ ಮಾರ್ಚ್. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರ್ ದಾಟುವ ಮಳೆ, ಅಲ್ಲಿಂದ ಪೂರ್ವಕ್ಕೆ ಬಂದರೆ ಕುಶಾಲನಗರದಲ್ಲಿ 1000ದ ಆಸುಪಾಸು. ಒಂದೇ ಜಿಲ್ಲೆ ಅಂತ ಒಂದೇ ವೇಳಾಪಟ್ಟಿ ಹಾಕಿದರೆ ಆಗುವುದಿಲ್ಲ.

ತೋಟದವರ ಕ್ಯಾಲೆಂಡರ್ ಕೂಡ ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಆ ಹೊತ್ತಿನಲ್ಲಿ ಸಹಾಯಕ್ಕೆ ಒಬ್ಬರು ಸಿಗುವುದೂ ಕಷ್ಟ. ಪುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ವಾರ ಯಾರನ್ನೂ ಕೇಳಬೇಡಿ. ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ದಿನಗಳಲ್ಲಿ ಗಿಡಗಳ ನಡುವೆ ನುಗ್ಗುವ ಮೊದಲು ಕೇಳಿ. ನಾನಾದರೆ ಆ ನಾಲ್ಕು ದಿನ ಕೇಂದ್ರದಲ್ಲೇ ಕೂತು ಡೇಟಾ ಎಂಟ್ರಿ ಮಾಡುತ್ತೇನೆ, ಕಿಟಕಿಯಿಂದ ಬರುವ ವಾಸನೆ ಸಾಕು.

ಒಂದು ವಿಷಯ ಮಾತ್ರ ಮರೆಯಬೇಡಿ. ಮೊದಲ ಸಲ ಜನವರಿಯಲ್ಲಿ ಅಳೆದರೆ ಮತ್ತೆ ಅಳೆಯುವುದೂ ಜನವರಿಯಲ್ಲೇ. ಮಳೆಗಾಲದಲ್ಲಿ ತೊಗಟೆ, ಕಾಂಡ ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗುತ್ತವೆ. ಜನವರಿಗೂ ಆಗಸ್ಟಿಗೂ ಹೋಲಿಸಿದರೆ ನೀವು ಅಳೆದದ್ದು ಬೆಳವಣಿಗೆಯಲ್ಲ, ನೀರು.

4. ಚೀಲ

50 ಮೀಟರಿನ ಟೇಪ್ ಒಂದು, ದರ್ಜಿಯವರ ಟೇಪ್ ಎರಡು, ದಿಕ್ಸೂಚಿ, ನೈಲಾನ್ ಹಗ್ಗ, ನಂಬರ್ ಕೊರೆದ ಅಲ್ಯೂಮಿನಿಯಂ ಬಿಲ್ಲೆಗಳು, ಅಲ್ಯೂಮಿನಿಯಂ ಮೊಳೆ, ಸುತ್ತಿಗೆ, ಹಳದಿ ಎನಾಮೆಲ್ ಬಣ್ಣ, ಸಣ್ಣ ಬ್ರಷ್, ಗಟ್ಟಿ ರಟ್ಟಿನ ಪ್ಯಾಡ್, ಪೆನ್ಸಿಲ್. ಪೆನ್ ಬೇಡವೇ ಬೇಡ. ಇಬ್ಬನಿಗೆ ಒದ್ದೆಯಾದ ಹಾಳೆಯಲ್ಲಿ ಶಾಯಿ ಹರಡಿ ಒಂದು ಇಡೀ ಬೆಳಗಿನ ಕೆಲಸ ನೀಲಿ ಮೋಡವಾದದ್ದನ್ನು ನಾನು ನೋಡಿದ್ದೇನೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಬಿದಿರಿನ ಕೋಲು. ಯಾಕೆ ಅಂತ ಮುಂದೆ ಹೇಳುತ್ತೇನೆ.

5. ಜಾಗ ಆರಿಸಿ, ಮೂಲೆ ಹಾಕುವುದು

ಕಾಡಿಗೆ ಹೋಗಿ “ಇಲ್ಲಿ ಚೆನ್ನಾಗಿದೆ” ಅಂತ ಪ್ಲಾಟ್ ಹಾಕಬೇಡಿ. ಚೆನ್ನಾಗಿ ಕಾಣುವುದು ದೊಡ್ಡ ಮರ ಇರುವ ಕಡೆ, ನಡೆಯಲು ಸಲೀಸಾಗಿರುವ ಕಡೆ. ಎಲ್ಲರೂ ಹಾಗೇ ಆರಿಸಿದರೆ ಕೊಡಗಿನ ಕಾಡೆಲ್ಲ ದೊಡ್ಡ ಮರಗಳದ್ದೇ ಅಂತ ಲೆಕ್ಕ ಬರುತ್ತದೆ. ನಕ್ಷೆಯ ಮೇಲೆ ಚೌಕಳಿ ಎಳೆಯಿರಿ, ಪ್ರತಿ ಮನೆಗೂ ನಂಬರ್ ಕೊಡಿ, ಚೀಟಿ ಎತ್ತಿ. ಚೀಟಿಯಲ್ಲಿ ಬಂದ ಜಾಗ ಕೆರೆಯಲ್ಲೋ ಲೈನ್ ಮನೆಯ (ಕಾರ್ಮಿಕರ ಸಾಲುಮನೆ) ಅಂಗಳದಲ್ಲೋ ಬಿದ್ದರೆ ಏನು ಮಾಡುತ್ತೀರಿ ಅನ್ನುವುದನ್ನೂ ಚೀಟಿ ಎತ್ತುವ ಮೊದಲೇ ಬರೆದಿಡಿ. ಕೊಲ್ಲಿಯೊಳಗೆ (ಗುಡ್ಡಗಳ ನಡುವಿನ ಕಮರಿ) ಇಳಿಯಬೇಕಾದ ಜಾಗ ಬಂತು, ಮಂಡಿ ನೋವು ಅಂತ ಚೀಟಿ ಬದಲಿಸುವುದು ಮೋಸ.

ಮೊದಲ ಮೂಲೆಗೆ ಕಲ್ಲು ಹೂಳಿ. ಅಲ್ಲಿಂದ ದಿಕ್ಸೂಚಿ ಹಿಡಿದು ಉತ್ತರಕ್ಕೆ 20 ಮೀಟರ್, ಪೂರ್ವಕ್ಕೆ 20 ಮೀಟರ್. ಮೂಲೆ ನೆಟ್ಟಗಿದೆಯಾ ಅಂತ ನೋಡಲು ಗಾರೆಯವರ ಲೆಕ್ಕವೇ ಸಾಕು: ಒಂದು ಬದಿ 3 ಮೀಟರ್, ಇನ್ನೊಂದು ಬದಿ 4 ಮೀಟರ್ ಗುರುತು ಹಾಕಿದರೆ ಅವೆರಡರ ನಡುವೆ 5 ಮೀಟರ್ ಬರಬೇಕು. ನಾಲ್ಕೂ ಮೂಲೆ ಆದ ಮೇಲೆ ಎದುರುಬದುರು ಮೂಲೆಗಳ ನಡುವೆ ಅಳೆಯಿರಿ, 28.28 ಮೀಟರ್ ಬರಬೇಕು. ಕಾಡಿನಲ್ಲಿ ಅರ್ಧ ಅಡಿ ಆಚೀಚೆ ಆದರೆ ಪರವಾಗಿಲ್ಲ, ಎರಡು ಅಡಿ ಆದರೆ ಮತ್ತೆ ಮಾಡಿ.

ಆದರೆ ಕೊಡಗಿನಲ್ಲಿ ಸಮತಟ್ಟು ನೆಲ ಅಂದರೆ ಗದ್ದೆ. ಉಳಿದದ್ದೆಲ್ಲ ಇಳಿಜಾರು. ಪ್ಲಾಟಿನ 20 ಮೀಟರ್ ಅಂದರೆ ನಕ್ಷೆಯ 20 ಮೀಟರ್, ನೆಲದ ಮೇಲೆ ಟೇಪು ಹಾಸಿದ 20 ಮೀಟರ್ ಅಲ್ಲ. 20 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 21.28 ಮೀಟರ್ ಹೋಗಬೇಕು, 30 ಡಿಗ್ರಿ ಇದ್ದರೆ 23.09. ಇಳಿಜಾರಿನ ಕೋನ ಅಳೆಯಲು ಈಗ ಫೋನ್ ಸಾಕು. ಕೋಷ್ಟಕ ಬೇಡ ಅನ್ನುವವರು ಮೆಟ್ಟಿಲಿನ ಹಾಗೆ ಮಾಡಬಹುದು: ಟೇಪನ್ನು ಮಟ್ಟವಾಗಿ ಹಿಡಿದು ನಾಲ್ಕು ಮೀಟರ್, ಅಲ್ಲಿಂದ ತೂಗುಗುಂಡು ಇಳಿಸಿ ಗುರುತು, ಮತ್ತೆ ನಾಲ್ಕು ಮೀಟರ್. ನಿಧಾನ, ಆದರೆ ತಪ್ಪುವುದಿಲ್ಲ. ಯಾವ ರೀತಿ ಮಾಡಿದಿರಿ ಅಂತ ಬರೆದಿಡಿ, ಇಲ್ಲದಿದ್ದರೆ ಮುಂದೆ ಬರುವವರ ಮೂಲೆ ಮೂರು ಮೀಟರ್ ಆಚೆ ಹೋಗಿ ನಾಲ್ಕು ಮರ ಒಳಗೋ ಹೊರಗೋ ಆಗುತ್ತವೆ.

ಜಿಪಿಎಸ್ ಇದೆಯಲ್ಲ ಅನ್ನಬೇಡಿ. ದಟ್ಟ ಮರದ ಕೆಳಗೆ ಅದು ಹತ್ತು ಮೀಟರ್ ಸುಳ್ಳು ಹೇಳುವುದು ಮಾಮೂಲು, ಅಂದರೆ ಅರ್ಧ ಪ್ಲಾಟು. ಜಿಪಿಎಸ್ ನಂಬರ್ ಬರೆಯಿರಿ, ಜೊತೆಗೆ ದಾರಿಯನ್ನೂ ಬರೆಯಿರಿ. ಅದಕ್ಕೆ ಆಧಾರವಾಗಿ ಮರ ಬೇಡ. ಮೋರಿ, ಸರ್ವೆ ಕಲ್ಲು, ದೊಡ್ಡ ಬಂಡೆ, ಇಂಥವು ಎದ್ದು ಹೋಗುವುದಿಲ್ಲ. ನಾನು ಆ ಹಳೆಯ ಪ್ಲಾಟಿಗೆ ಹೊಸ ಪುಟ ಮಾಡಿದಾಗ ಮೊದಲ ಸಾಲು ಹೀಗೆ ಬರೆದೆ: “ಹಲಸಿನ ಮರ ಈಗಿಲ್ಲ. ರಸ್ತೆಯ ಎರಡನೇ ಮೋರಿಯಿಂದ ಹೊರಡಿ, 70 ಡಿಗ್ರಿ ದಿಕ್ಕಿಗೆ 34 ಮೀಟರ್, ಟೇಪಿನಲ್ಲಿ ಅಳೆದದ್ದು.” ನಾಲ್ಕೂ ಮೂಲೆಯಿಂದ ಒಳಮುಖವಾಗಿ ಒಂದೊಂದು ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಅಂಟಿಸಿ.

6. ಇನ್ನು ಮರ

ಕಾಡುಮರಗಳಿಗೆ ಸಾಮಾನ್ಯವಾಗಿ 30 ಸೆಂಟಿಮೀಟರ್ ಸುತ್ತಳತೆ ಮೇಲ್ಪಟ್ಟದ್ದನ್ನೆಲ್ಲ ಅಳೆಯುತ್ತೇವೆ. ಸುತ್ತಳತೆಯನ್ನು 3.1416ರಿಂದ ಭಾಗಿಸಿದರೆ ವ್ಯಾಸ. 100 ಸೆಂಟಿಮೀಟರ್ ಸುತ್ತಳತೆಯ ಮರ 31.8 ಸೆಂಟಿಮೀಟರ್ ದಪ್ಪ. ಹಾಳೆಯಲ್ಲಿ ಸುತ್ತಳತೆಯನ್ನೇ ಬರೆಯಿರಿ, ಭಾಗಾಕಾರ ಕಂಪ್ಯೂಟರ್ ಮಾಡಲಿ.

ಎಷ್ಟು ಎತ್ತರದಲ್ಲಿ ಅಳೆಯಬೇಕು? ನಮ್ಮ ಫಾರೆಸ್ಟ್ರಿ ಪಾಠದಲ್ಲಿ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಹೊರದೇಶದ ಪ್ಲಾಟುಗಳಲ್ಲಿ, ಇಲ್ಲಿನ ಕೆಲವು ಪ್ಲಾಟುಗಳಲ್ಲೂ, 1.3 ಮೀಟರ್. ಏಳು ಸೆಂಟಿಮೀಟರ್ ತಾನೇ ಅನ್ನಿಸುತ್ತದೆ. ಒಂದು ಸಲ ಹಳೆಯ ತಂಡ 1.3ರಲ್ಲಿ ಅಳೆದಿದ್ದ ಮರಗಳನ್ನು ನಾನು ವಿಚಾರಿಸದೆ 1.37ರಲ್ಲಿ ಅಳೆದೆ. ಮರ ಮೇಲಕ್ಕೆ ಹೋದ ಹಾಗೆ ಸಣ್ಣದಾಗುತ್ತದೆ. ಸಂಜೆ ಲೆಕ್ಕ ಹಾಕಿದರೆ ಅರ್ಧಕ್ಕರ್ಧ ಮರಗಳು ಹಿಂದಿಗಿಂತ ಸಪೂರವಾಗಿದ್ದವು. ನನ್ನ ಗೈಡ್ ಹಾಳೆ ನೋಡಿ, “ಏನಪ್ಪಾ, ಮರಗಳು ಡಯೆಟ್ ಮಾಡ್ತಿದ್ದಾವಾ?” ಅಂದರು. ಮಾರನೇ ದಿನ ಪೂರಾ ಮತ್ತೆ ಅದೇ ಗುಡ್ಡ. ಯಾವುದನ್ನಾದರೂ ಇಟ್ಟುಕೊಳ್ಳಿ, ಹಾಳೆಯ ನೆತ್ತಿಯ ಮೇಲೆ ಬರೆಯಿರಿ.

ಬಿದಿರಿನ ಕೋಲು ಬೇಕಾಗುವುದು ಇಲ್ಲಿ. ನಿಮ್ಮ ಅಳತೆಗೆ ಸರಿಯಾಗಿ ಕೋಲು ಕತ್ತರಿಸಿಕೊಳ್ಳಿ. ತರಗೆಲೆ ಸರಿಸಿ, ಮಣ್ಣಿಗೆ ತಾಗಿಸಿ, ಮರದ ಮೇಲ್ಬದಿಗೆ, ಅಂದರೆ ಗುಡ್ಡದ ಕಡೆಗೆ ನಿಲ್ಲಿಸಿ. ಎದೆಮಟ್ಟ ಅಂತ ತಮ್ಮ ಎದೆಗೇ ಹೋಲಿಸಿ ಅಳೆಯುವವರಿದ್ದಾರೆ. ಎಲ್ಲರ ಎದೆಯೂ ಒಂದೇ ಎತ್ತರದಲ್ಲಿಲ್ಲ. ಕೋಲಿನ ತುದಿ ಎಲ್ಲಿ ಬಂತೋ ಅಲ್ಲಿ ಪಾಚಿ, ಸಡಿಲ ತೊಗಟೆಯನ್ನು ಕೈಯಲ್ಲಿ ಒರೆಸಿ (ನಂದಿ ಮರ ತಾನಾಗೇ ಸಿಪ್ಪೆ ಬಿಡುತ್ತದೆ, ಕತ್ತಿ ಹಾಕಿ ಕೆರೆಯಬೇಡಿ), ಟೇಪನ್ನು ಕಾಂಡಕ್ಕೆ ಅಡ್ಡಲಾಗಿ, ಹಿಂದೆ ಜಾರದ ಹಾಗೆ ಸುತ್ತಿ ಓದಿ. ಆಮೇಲೆ ಟೇಪಿನ ಜಾಗದಲ್ಲೇ ಬಣ್ಣದ ತೆಳು ಗೆರೆ. ಮುಂದಿನ ಸಲ ಅಳೆಯುವುದು ಆ ಗೆರೆಯಲ್ಲಿ, ಕೋಲಿನ ತುದಿಯಲ್ಲಿ ಅಲ್ಲ. ಬುಡದ ಮಣ್ಣು ಕೊಚ್ಚಿ ಹೋಗುತ್ತದೆ, ತರಗೆಲೆ ಸೇರುತ್ತದೆ, ಗೆರೆ ಮಾತ್ರ ಮರದ ಜೊತೆಗೇ ಇರುತ್ತದೆ.

ನೆಟ್ಟಗಿರುವ ಮರ ಯಾರು ಬೇಕಾದರೂ ಅಳೆಯುತ್ತಾರೆ. ಆದರೆ ಕಾಡಿನ ಮರ ಪುಸ್ತಕದ ಚಿತ್ರದ ಹಾಗೆ ನಿಂತಿರುವುದಿಲ್ಲ. ಅಳತೆಯ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆ ಬೇರೆ ಅಳೆಯಿರಿ, ನಂಬರ್ ಒಂದೇ, ಪಕ್ಕದಲ್ಲಿ ಅ, ಆ, ಇ. ವಾಲಿದ ಮರವಾದರೆ ವಾಲಿದ ಬದಿಯಲ್ಲಿ, ಕಾಂಡದ ಉದ್ದಕ್ಕೇ ಕೋಲು ಇಟ್ಟು ಅಳೆಯಿರಿ. ಬಿದ್ದಿದ್ದರೂ ಚಿಗುರಿದ್ದರೆ ಅದು ಜೀವಂತ ಮರವೇ, ಬುಡದಿಂದ ಕಾಂಡದ ಗುಂಟ ಅಳೆದು “ಬಿದ್ದಿದೆ” ಅಂತ ಬರೆಯಿರಿ. ಗಂಟು ಅಥವಾ ಉಬ್ಬು ಸರಿಯಾಗಿ ಅಲ್ಲೇ ಬಂದರೆ ಅದರಿಂದ ಮೇಲೆ, ನೆಟ್ಟಗಿರುವ ಜಾಗಕ್ಕೆ ಹೋಗಿ ಎಷ್ಟು ಎತ್ತರದಲ್ಲಿ ಅಳೆದಿರಿ ಅಂತ ಬರೆಯಿರಿ. ಗೋಡೆಯ ಹಾಗೆ ಬೇರು ಹರಡಿಕೊಂಡ ದೊಡ್ಡ ಮರಗಳಿಗೆ ಏಣಿ ಬೇಕು: ಬೇರಿನ ಗೋಡೆ ಮುಗಿದ ಮೇಲೆ ಇನ್ನೂ 50 ಸೆಂಟಿಮೀಟರ್ ಮೇಲೆ. ಏಣಿ ಹೊತ್ತು ತರಲು ಬೇಜಾರಾಗಿ ಬೇರಿನ ಗೋಡೆಗೇ ಟೇಪು ಸುತ್ತಿದವರ ಹಾಳೆಯಲ್ಲಿ ಆನೆಗಾತ್ರದ ಮರಗಳು ಬರುತ್ತವೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ತೋಟದಲ್ಲಿ ಮೆಣಸಿನ ಬಳ್ಳಿ. ಇದರ ಬಗ್ಗೆ ಯಾವ ಕೈಪಿಡಿಯೂ ನನಗೆ ಸರಿಯಾಗಿ ಹೇಳಿಕೊಡಲಿಲ್ಲ. ಬಳ್ಳಿಯ ಮೇಲೆ ಟೇಪು ಸುತ್ತಿದರೆ ಹತ್ತಾರು ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಬಳ್ಳಿಯನ್ನು ಕಿತ್ತರೆ ಮಾಲೀಕರು ನಿಮ್ಮನ್ನು ಕೀಳುತ್ತಾರೆ, ಅದೂ ನ್ಯಾಯವೇ. ಟೇಪಿನ ತುದಿಗೆ ತೆಳು ಬಿದಿರಿನ ಸೀಳು ಕಟ್ಟಿ ಬಳ್ಳಿಗೂ ಮರಕ್ಕೂ ನಡುವಿನ ಸಂದಿಯಲ್ಲಿ ಮೆಲ್ಲಗೆ ತೂರಿಸಿ, ನಾಲ್ಕರಲ್ಲಿ ಮೂರು ಮರಕ್ಕೆ ಇದು ಸಾಧ್ಯವಾಗುತ್ತದೆ. ಆಗಲೇ ಇಲ್ಲ ಅಂದರೆ ಬಳ್ಳಿ ಇಲ್ಲದ ಎರಡು ಬದಿಯಿಂದ ಅಡ್ಡ ಅಳತೆ ತೆಗೆದು, ಆ ಮರದ ಮುಂದೆ “ಬಳ್ಳಿ, ಅಂದಾಜು” ಅಂತ ಬರೆಯಿರಿ. ಅಂದಾಜನ್ನು ಅಂದಾಜು ಅಂತ ಬರೆಯಲು ನಾಚಿಕೆ ಬೇಡ.

ಬಿಲ್ಲೆಯನ್ನು ಬಣ್ಣದ ಗೆರೆಯಿಂದ ದೂರ ಹೊಡೆಯಿರಿ, ಮೊಳೆ ಹೊಕ್ಕ ಕಡೆ ಮರ ಊದಿಕೊಳ್ಳುತ್ತದೆ, ಆ ಊತ ಅಳತೆಗೆ ಸೇರಬಾರದು. ಮೊಳೆಯನ್ನು ಪೂರ್ತಿ ಹೊಡೆಯಬೇಡಿ. ಮೂರು ನಾಲ್ಕು ಸೆಂಟಿಮೀಟರ್ ಹೊರಗಿರಲಿ, ಮರ ದಪ್ಪವಾದ ಹಾಗೆ ಬಿಲ್ಲೆ ಹೊರಕ್ಕೆ ಜರುಗಲು ಜಾಗ ಬೇಕು. ನನಗೆ ಸಿಕ್ಕ ಬಿಲ್ಲೆ ಮುಳುಗಿದ್ದು ಇದನ್ನು ಮಾಡದೆ. ತೋಟದ ಸಿಲ್ವರ್ ಓಕಿಗೆ, ಬೆಲೆಬಾಳುವ ಹೊನ್ನೆ, ಬೀಟೆಗೆ ಮೊಳೆ ಬೇಡ. ಮಿಲ್ಲಿನಲ್ಲಿ ಗರಗಸಕ್ಕೆ ಮೊಳೆ ಸಿಕ್ಕಿದರೆ ಬೈಗುಳ ತಿನ್ನುವುದು ಬೆಳೆಗಾರರು. ಅಲ್ಲಿ ಬಣ್ಣದಲ್ಲೇ ನಂಬರ್ ಬರೆಯಿರಿ.

ತಂಡದಲ್ಲಿ ಮೂವರು ಸಾಕು: ಒಬ್ಬರು ಅಳೆಯಲು, ಒಬ್ಬರು ಬರೆಯಲು, ಒಬ್ಬರು ಮರ ಗುರುತಿಸಲು. ಅಳೆದವರು ಕೂಗಿ ಹೇಳಬೇಕು, ಬರೆಯುವವರು ಅದನ್ನು ತಿರುಗಿ ಕೂಗಬೇಕು. “ನಂಬರ್ 47, 112.4.” “47, 112.4.” ಹುಚ್ಚರ ಹಾಗೆ ಕಾಣುತ್ತದೆ. ಆದರೆ ಅರವತ್ತು, ಎಪ್ಪತ್ತು ಅನ್ನುವುದು ಜೀರುಂಡೆ ಸದ್ದಿನ ನಡುವೆ ಒಂದೇ ತರ ಕೇಳಿಸುತ್ತದೆ.

7. ಹೆಸರು

ಮರ ಗುರುತಿಸಲು ಊರಿನವರೇ ಬೇಕು. ನನಗೆ ಕಾಡು ಕಲಿಸಿದ್ದು ಯರವ ಬುಡಕಟ್ಟಿನ ಒಬ್ಬ ಅಣ್ಣ, ಎಲೆ ನೋಡುವುದಕ್ಕೂ ಮೊದಲು ತೊಗಟೆ ಚೂರು ಮೂಸಿ ಹೆಸರು ಹೇಳುತ್ತಿದ್ದರು. ಅಂಥವರಿಗೆ ದಿನಗೂಲಿ ಸರಿಯಾಗಿ ಕೊಡಿ, ವರದಿಯಲ್ಲಿ ಅವರು ಒಪ್ಪಿದರೆ ಹೆಸರನ್ನೂ ಹಾಕಿ. ಅವರು ಹೇಳಿದ ಹೆಸರನ್ನು ಹೇಳಿದ ಹಾಗೇ ಬರೆದುಕೊಳ್ಳಿ, ನಿಮಗೆ ಗೊತ್ತಿರುವ ಕನ್ನಡ ಹೆಸರಿಗೆ ತಿದ್ದಬೇಡಿ. ಕೊಡವ ತಕ್ಕ್, ಯರವ, ಜೇನುಕುರುಬ, ಮಲಯಾಳ, ಕನ್ನಡ, ಒಂದೇ ಮರಕ್ಕೆ ಐದು ಹೆಸರಿರುತ್ತದೆ. ಐದು ಮರಕ್ಕೆ ಒಂದೇ ಹೆಸರೂ ಇರುತ್ತದೆ. ಧೂಪ ಅಂದರೆ ಒಬ್ಬರಿಗೆ ಸಾಲುಧೂಪ, ವಟೇರಿಯಾ ಇಂಡಿಕಾ. ಇನ್ನೊಬ್ಬರಿಗೆ ಕರಿಧೂಪ, ಕೆನೇರಿಯಂ ಸ್ಟ್ರಿಕ್ಟಮ್. ಎರಡೂ ಬೇರೆ ಬೇರೆ ಕುಟುಂಬದ ಮರಗಳು.

ಅನುಮಾನ ಬಂದ ಮರಕ್ಕೆ ಒಂದು ಸಣ್ಣ ಕೊಂಬೆ, ಹೂವೋ ಕಾಯೋ ಇದ್ದರೆ ಅದರ ಸಮೇತ, ಹಳೆಯ ಪೇಪರಿನ ನಡುವೆ ಒತ್ತಿ. ಪೇಪರಿನ ಮೇಲೆ ಪ್ಲಾಟ್ ನಂಬರ್, ಮರದ ನಂಬರ್ ಆಗಲೇ ಬರೆಯಿರಿ. ಮೋಡದ ದಿನಗಳಲ್ಲಿ ಪೇಪರನ್ನು ದಿನಾ ಬದಲಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಗೊತ್ತಿಲ್ಲದ ಮರವನ್ನು “ಗೊತ್ತಿಲ್ಲ 1”, “ಗೊತ್ತಿಲ್ಲ 2” ಅಂತ ಬರೆದರೆ ಅದು ಒಳ್ಳೆಯ ಡೇಟಾ. ಊಹೆಯ ಹೆಸರು ಕೆಟ್ಟ ಡೇಟಾ.

ಸಸಿಗಳ ಲೆಕ್ಕಕ್ಕೆ ಪ್ಲಾಟಿನೊಳಗೇ ಒಂದು ಮೂಲೆಯಲ್ಲಿ 5 ಮೀಟರಿನ ಚೌಕ, ಮೊಳಕೆಗಳಿಗೆ 1 ಮೀಟರಿನ ನಾಲ್ಕು ಚೌಕ. ಅದನ್ನು ಮೊದಲು ಮಾಡಿ, ದೊಡ್ಡ ಮರ ಅಳೆಯುತ್ತಾ ಓಡಾಡಿದ ಮೇಲೆ ಮೊಳಕೆ ಎಣಿಸಿದರೆ ನೀವು ತುಳಿದದ್ದನ್ನೇ ಎಣಿಸುತ್ತೀರಿ.

8. ಆನೆ, ಜಿಗಣೆ, ಚೇರು

ಆನೆ ಈಗ ಕಾಡಿಗಿಂತ ತೋಟದಲ್ಲೇ ಸಿಗುವುದು ಜಾಸ್ತಿ. ಬೆಳಿಗ್ಗೆ ಹೊರಡುವ ಮೊದಲು ರೈಟರಿಗೋ ಲೈನ್ ಮನೆಯವರಿಗೋ ಫೋನ್ ಮಾಡಿ, ರಾತ್ರಿ ಎಲ್ಲಿತ್ತು ಅಂತ ಕೇಳಿ. ಮಂಜು ಪೂರ್ತಿ ಕರಗಿದ ಮೇಲೆ ಒಳಗೆ ಹೋಗಿ, ನಾಲ್ಕು ಗಂಟೆಗೆಲ್ಲ ಹೊರಗೆ ಬನ್ನಿ. ಬಿಸಿ ಲದ್ದಿ, ಈಗಷ್ಟೇ ಮುರಿದ ಬೈನೆ, ಹಲಸಿನ ಹಣ್ಣಿನ ಸಿಪ್ಪೆ ಕಂಡರೆ ವಾಪಸ್, ಉಳಿದದ್ದು ಎರಡೇ ಮರ ಆದರೂ ವಾಪಸ್. ಅರಣ್ಯ ಇಲಾಖೆಯ ಆರ್‌ಆರ್‌ಟಿ (ಆನೆ ಬಂದಾಗ ಕರೆಯುವ ತುರ್ತು) ತಂಡದ ನಂಬರ್ ಎಲ್ಲರ ಫೋನಿನಲ್ಲೂ ಇರಲಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬರುವವರನ್ನು ನಾನಂತೂ ಕರೆದುಕೊಂಡು ಹೋಗುವುದಿಲ್ಲ.

ಜಿಗಣೆಗೆ ಬಟ್ಟೆಯ ಉದ್ದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರು. ಚೇರು ಮರದ ಬಗ್ಗೆ ಮಾತ್ರ ಹುಷಾರು: ತೊಗಟೆಗೆ ಗಾಯವಾದರೆ ಬರುವ ಸೊನೆ ಕಪ್ಪಾಗುತ್ತದೆ, ಚರ್ಮಕ್ಕೆ ತಾಗಿದರೆ ಕೆಲವರಿಗೆ ಮುಖವೆಲ್ಲ ಊದಿಕೊಳ್ಳುತ್ತದೆ. ಅದಕ್ಕೆ ಮೊಳೆ ಹೊಡೆಯುವುದು ಬೇಡ, ಬಣ್ಣ ಸಾಕು.

9. ಮಳೆಯ ಲೆಕ್ಕ

ಬೆಳವಣಿಗೆಯ ಜೊತೆ ಮಳೆಯ ಲೆಕ್ಕವೂ ಬೇಕಾಗುತ್ತದೆ. ಹವಾಮಾನ ಇಲಾಖೆಯವರ ಕ್ರಮದಲ್ಲಿ ಬೆಳಿಗ್ಗೆ 8:30ಕ್ಕೆ ಮಾಪಕ ನೋಡುತ್ತಾರೆ, ನೀವೂ ಹಾಗೇ ಮಾಡಿ. ಆದರೆ ಕೊಡಗಿನ ನಿಜವಾದ ಖಜಾನೆ ತೋಟಗಳ ಹಳೆಯ ಮಳೆ ಪುಸ್ತಕಗಳು. ಅಜ್ಜನ ಕಾಲದಿಂದ ಒಂದು ದಿನವೂ ಬಿಡದೆ ಬರೆದಿಟ್ಟ ಮನೆಗಳಿವೆ. ವಿನಯದಿಂದ ಕೇಳಿದರೆ ಫೋಟೋ ತೆಗೆಯಲು ಬಿಡುತ್ತಾರೆ. ಅವುಗಳಲ್ಲಿ ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ, ಒಂದು ಇಂಚಿಗೆ 100 ಸೆಂಟ್. “45” ಅಂತ ಇದ್ದರೆ ಅದು 45 ಸೆಂಟ್, ಅಂದರೆ ಸುಮಾರು 11.4 ಮಿಲಿಮೀಟರ್. ಅದನ್ನೇ 45 ಮಿಲಿಮೀಟರ್ ಅಂತ ತುಂಬಿಸಿದರೆ ಆ ತೋಟಕ್ಕೆ ನಾಲ್ಕು ಪಟ್ಟು ಮಳೆ ಸುರಿಸಿದ ಹಾಗೆ.

10. ಸಂಜೆಯ ಕೆಲಸ

ಕೇಂದ್ರಕ್ಕೆ ಬಂದ ಕೂಡಲೇ, ಸ್ನಾನಕ್ಕೂ ಮೊದಲು, ಹಾಳೆಗಳ ಫೋಟೋ ತೆಗೆಯಿರಿ. ಊಟದ ನಂತರ ಕರೆಂಟ್ ಇರುವಾಗಲೇ ಕಂಪ್ಯೂಟರಿಗೆ ತುಂಬಿಸಿ. ಒಂದು ಕಾಂಡಕ್ಕೆ ಒಂದು ಸಾಲು. ಅಳೆಯದ್ದಕ್ಕೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ, ಎರಡೂ ಒಂದೇ ಅಲ್ಲ. ಅನುಮಾನದ್ದಕ್ಕೆ ಕೆಂಪು ಬಣ್ಣ ಬಳಿಯುವ ಅಭ್ಯಾಸ ಬಿಟ್ಟು, ಷರಾ ಅಂತ ಒಂದು ಕಾಲಂ ಮಾಡಿ ಅದರಲ್ಲಿ ಬರೆಯಿರಿ.

ಮಾರನೇ ದಿನ ಹತ್ತರಲ್ಲಿ ಒಂದು ಮರವನ್ನು ಬೇರೆಯವರು, ಹಳೆಯ ಹಾಳೆ ನೋಡದೆ, ಮತ್ತೆ ಅಳೆಯಲಿ. ಎರಡರ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ ಅದು ನಿಮ್ಮ ತಂಡದ ಕೈ. ಮರ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದು, ನಿಮ್ಮ ಕೈ ಎರಡು ಸೆಂಟಿಮೀಟರ್ ತಪ್ಪುತ್ತಿದ್ದರೆ ಆ ಡೇಟಾದಲ್ಲಿ ಬೆಳವಣಿಗೆ ಹುಡುಕಬೇಡಿ, ಮೊದಲು ಕೈ ಸರಿ ಮಾಡಿಕೊಳ್ಳಿ.

ಮುಗಿದ ಮೇಲೆ ಮೂರು ಪ್ರತಿ ಮಾಡಿ: ಕೇಂದ್ರಕ್ಕೆ ಒಂದು, ಗೈಡಿಗೆ ಒಂದು, ನಿಮಗೊಂದು. ಕಾಗದದಲ್ಲೂ ಇರಲಿ. ವಿದ್ಯಾರ್ಥಿ ಡಿಗ್ರಿ ಮುಗಿಸಿ ಹೋದ, ಲ್ಯಾಪ್‌ಟಾಪ್ ಕೆಟ್ಟಿತು, ಪ್ಲಾಟಿನ ಕಥೆ ಅಲ್ಲಿಗೇ ನಿಂತಿತು, ಹೀಗಾದದ್ದು ಒಂದೆರಡಲ್ಲ. ತೋಟದ ಮಾಲೀಕರಿಗೆ, ದೇವಸ್ಥಾನದ ಕಮಿಟಿಗೆ ಅವರ ಜಾಗದ ಮರಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಡಿ. ನಾನು ಒಂದು ಕಮಿಟಿಗೆ ಹಾಗೆ ಕೊಟ್ಟಾಗ ಅಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಪೂರಾ ಓದಿ, “ನಂಬರ್ 31 ಹೊನ್ನೆ ಅಲ್ಲ, ನೀವು ಹೋಗಿ ನೋಡಿ” ಅಂದರು. ಹೋಗಿ ನೋಡಿದೆ. ಹೊನ್ನೆ ಅಲ್ಲ.